ಹಳೆಯ ಕಾರಿಗೆ ಹೊಸ ಬಣ್ಣ: ಅಗ್ಗ ಯಾರಿಗೆ?

ನಮ್ಮ ಘಟ್ಟದ ಮೇಲೊಂದು ಸಿದ್ದಾಪುರವಿದೆ; ಗಂಗಾವತಿ ಸೀಮೆಯ ಭತ್ತದ ಬಯಲಿನಲ್ಲಿ ಇನ್ನೊಂದು. ಕಳೆದ ಬೇಸಿಗೆಯಲ್ಲಿ ಮಣ್ಣಿನ ಮಾದರಿಗಾಗಿ ಈ ಎರಡನೆಯ ಊರಿಗೆ ಹೋಗಿದ್ದೆ. ನನ್ನ ಹದಿನಾರು ವರ್ಷದ ಕಾರನ್ನು ಕಂಡ ಸ್ನೇಹಿತರೊಬ್ಬರು, ‘ಇಲ್ಲೇ ಬಣ್ಣ ಹೊಡಿಸ್ರಿ, ನಿಮ್ಮ ಕಡೆಗಿಂತ ಭಾಳ ಸೋವಿ’ ಎಂದರು. ರಸ್ತೆಬದಿಯ ಶೆಡ್ಡಿನಲ್ಲಿ ಮೀಸೆ ಚಿಗುರುತ್ತಿದ್ದ ಹುಡುಗನೊಬ್ಬ ಮೂಗಿಗೆ ಕರವಸ್ತ್ರ ಕಟ್ಟಿ ಸ್ಪ್ರೇ ಗನ್ ಹಿಡಿದಿದ್ದ. ಉಜ್ಜಿದ ಹಳೆಯ ಬಣ್ಣದ ಕೆಸರೂ ಗನ್ ತೊಳೆದ ಥಿನ್ನರೂ ಹಿಂದಿನ ಮೋರಿಗಿಳಿದು ಗದ್ದೆಯ ಬಸಿಗಾಲುವೆ ಸೇರುತ್ತಿದ್ದವು. ದರ ನಿಜಕ್ಕೂ ಕಡಿಮೆಯಿತ್ತು. ನಾನು ಹಾಗೆಯೇ ಮರಳಿದೆ.

ನಮಗೆ ಸಿಗುವ ಆ ರಿಯಾಯಿತಿಯನ್ನು ಬೇರೆ ಯಾರೋ ತೆರುತ್ತಿದ್ದಾರೆ. ಥಿನ್ನರಿನಲ್ಲಿರುವ ಟಾಲ್ವಿನ್, ಕ್ಸೈಲೀನ್‌ಗಳ ಆವಿ ಮೆದುಳು ನರಗಳನ್ನು ಬಾಧಿಸುತ್ತದೆ. ಗಟ್ಟಿಕಾರಕ ಬೆರೆಸುವ ‘ಟೂ-ಕೆ’ ಬಣ್ಣಗಳಲ್ಲಿನ ಐಸೋಸಯನೇಟ್ ಬಣ್ಣಗಾರರಿಗೆ ಆಸ್ತಮಾ ತರಿಸುವುದು ಸುವಿದಿತ. ಅದಕ್ಕೆ ಹೊರಗಿನ ಶುದ್ಧಗಾಳಿ ಪೂರೈಸುವ ಮುಖವಾಡ ಬೇಕು. ಕರವಸ್ತ್ರ ಏನನ್ನೂ ತಡೆಯದು. ಹಳೆಯ ಹಳದಿ, ಕೆಂಪು ಬಣ್ಣಗಳಲ್ಲಿ ಸೀಸದ ಕ್ರೋಮೇಟ್ ಇರಬಹುದು. ಸೀಸ ಕೊಳೆಯುವುದಿಲ್ಲ, ಎರೆಮಣ್ಣಿನ ಜೇಡಿಯನ್ನು ಹಿಡಿದುಕೊಂಡು ಅಲ್ಲಿಯೇ ಕೂರುತ್ತದೆ.

‘ಸೀಸಕ್ಕೆ ಕಾನೂನು ಬಂದಿದೆಯಲ್ಲ’ ಎನ್ನುವವರಿದ್ದಾರೆ. 2016ರಲ್ಲಿ ಪ್ರಕಟವಾಗಿ 2017ರ ನವೆಂಬರಿನಿಂದ ಜಾರಿಗೆ ಬಂದ ನಿಯಮವು ಸೀಸಕ್ಕೆ ಹತ್ತು ಲಕ್ಷಕ್ಕೆ 90 ಭಾಗಗಳ ಮಿತಿ ಹಾಕಿದ್ದು ಗೃಹಬಳಕೆಯ ಮತ್ತು ಅಲಂಕಾರಿಕ ಬಣ್ಣಗಳಿಗೆ. ಮನೆಯ ಗೋಡೆಗೆ ಸಿಕ್ಕ ಆ ರಕ್ಷಣೆ ವಾಹನದ ಬಣ್ಣ ಹೊಡೆಯುವವನ ಶ್ವಾಸಕೋಶಕ್ಕೆ ಏಕಿಲ್ಲ?

ಹಾಗೆಂದು ಹಳೆಯ ಕಾರನ್ನು ಗುಜರಿಗೆ ಹಾಕಿರೆಂದು ನಾನು ಹೇಳುತ್ತಿಲ್ಲ. ಚೆನ್ನಾಗಿ ಓಡುವ ವಾಹನವನ್ನು ಬಾಳಿಸುವುದೂ ಮಿತವ್ಯಯವೇ. ಆದರೆ ನಿಜವಾದ ಅಗ್ಗದ ದಾರಿ ಬೇರೆಯಿದೆ. ಬಿಸಿಲಿಗೆ ಮಂಕಾದ ಬಣ್ಣ ಸತ್ತಿರುವುದಿಲ್ಲ. ಮೇಲ್ಪದರ ಮಾತ್ರ ಉತ್ಕರ್ಷಣಗೊಂಡಿರುತ್ತದೆ. ಚೆನ್ನಾಗಿ ತೊಳೆದು, ರಬ್ಬಿಂಗ್ ಕಾಂಪೌಂಡಿನಿಂದ ಉಜ್ಜಿ, ಮೇಣ ಹಚ್ಚಿದರೆ ಹೊಳಪು ಮರಳುತ್ತದೆ. ಒಂದು ರಜೆಯ ದಿನದ ಕೆಲಸ. ತುಕ್ಕು ಕಂಡಲ್ಲಿ ಲೋಹದವರೆಗೆ ಉಜ್ಜಿ, ಪ್ರೈಮರ್ ಬಳಿದು, ಅಷ್ಟಕ್ಕೇ ಬಣ್ಣ ಮುಟ್ಟಿಸಿದರೆ ಸಾಕು. ಪಾರದರ್ಶಕ ಮೇಲ್ಪದರ ಸುಲಿದು ಬಂದಿದ್ದರೆ ಪಾಲಿಶ್ ಫಲಿಸದು; ಆಗ ಬಾನೆಟ್ಟೋ ಛಾವಣಿಯೋ ಕೆಟ್ಟ ಭಾಗಕ್ಕಷ್ಟೇ ಬಣ್ಣ ಹೊಡೆಸಿ. ಮೂಲ ಬಣ್ಣವನ್ನೇ ಉಳಿಸಿಕೊಳ್ಳಿ: ಬಣ್ಣ ಬದಲಾದರೆ ಬಾಗಿಲಿನ ಒಳಬದಿಗೂ ಖರ್ಚು, ಆರ್‌ಸಿಯಲ್ಲೂ ತಿದ್ದುಪಡಿ.

ಇಡೀ ಕಾರಿಗೆ ಹೊಡೆಸಲೇಬೇಕಾದರೆ, ಗಾಳಿ ಹೊರಸೆಳೆಯುವ ಮುಚ್ಚಿದ ಕೋಣೆಯಿರುವಲ್ಲಿಗೆ ಹೋಗಿ. ಕೆಸರು, ಥಿನ್ನರು ಎಲ್ಲಿಗೆ ಹೋಗುತ್ತವೆಂದು ಕೇಳಿ. ನೀರು ಹಾಕಿ ಉಜ್ಜುವುದರಿಂದ ದೂಳು ಏಳದು, ಒಳ್ಳೆಯದೇ. ಆದರೆ ಆ ಕೆಸರನ್ನು ಮೋರಿಗೆ ಬಿಡದೆ ಒಣಗಿಸಿ ಕೂಡಿಡಬೇಕು. ಶೆಡ್ಡಿನವನನ್ನು ಬೈದು ಪ್ರಯೋಜನವಿಲ್ಲ. ದರಕ್ಕಾಗಿ ಅವನೊಡನೆ ಜಗ್ಗಾಡಿ, ಮುಖವಾಡದ ಹಣವನ್ನು ಮೊದಲು ಕತ್ತರಿಸಿದವರು ನಾವು.

ಭದ್ರೆಯ ಒಡಲಿಗೆ ಹೂಳು ಬಿಡುತ್ತಿದ್ದ ಕುದುರೆಮುಖದ ಗಣಿ 2005ರ ಕೊನೆಗೆ ನಿಂತಾಗ ನಾವು ಘಟ್ಟದವರು ಸಂತೋಷಪಟ್ಟೆವು. ಅದೇ ಭದ್ರೆ ತುಂಗೆಯೊಡನೆ ಕೂಡಿ, ಅಣೆಕಟ್ಟು ದಾಟಿ, ಎಡದಂಡೆ ಕಾಲುವೆಯಾಗಿ ಸಿದ್ದಾಪುರದ ಸೀಮೆಗೆ ಹರಿಯುತ್ತಾಳೆ. ಮೇಲೆ ಕಾಯ್ದ ನೀರಿಗೆ ಕೆಳಗೆ ವಿಷ ಬೆರೆಯುವಾಗ ಸುಮ್ಮನಿದ್ದರೆ ನಮ್ಮ ಹೋರಾಟ ಅರ್ಧದ್ದೇ. ನನ್ನ ಕಾರಿನ ಬಾನೆಟ್ ಈಗಲೂ ಸ್ವಲ್ಪ ಮಾಸಿದೆ. ಇರಲಿ.