ಆ ಬರಿಗೈಗೆ ಗ್ಲೌಸ್ ಕೊಡಿ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಕಾಲೇಜುಗಳಲ್ಲಿ ವಿಜ್ಞಾನ ಕಲಿಸುವ ಗುರುಗಳೇ, ಆಡಳಿತ ನೋಡಿಕೊಳ್ಳುವ ಹಿರಿಯರೇ, ಮಕ್ಕಳನ್ನು ಅಲ್ಲಿಗೆ ಕಳಿಸುವ ತಂದೆತಾಯಂದಿರೇ, ನಿಮ್ಮಲ್ಲಿ ಒಂದು ಮೊರೆಯಿದೆ.

ಲ್ಯಾಬಿನಲ್ಲಿ ಲವಣ ಗುರುತಿಸುವ ಸಾಲ್ಟ್ ಅನಾಲಿಸಿಸ್‌ನ ಗಡಿಬಿಡಿಯಲ್ಲಿ ಹುಡುಗನೊಬ್ಬನ ಕೈ ತಾಗಿ ಸಲ್ಫ್ಯೂರಿಕ್ ಆಮ್ಲದ ಬಾಟಲಿ ಉರುಳಿತೆಂದುಕೊಳ್ಳಿ. ಎಲ್ಲರೂ ಹಿಂದೆ ಸರಿಯುತ್ತಾರೆ. 'ಅಕ್ಕಾ, ಇಲ್ಲಿ ಸ್ವಲ್ಪ ಒರೆಸಿಬಿಡಿ' ಎಂಬ ಕೂಗಿಗೆ ಓಗೊಟ್ಟು ಕಸ ಗುಡಿಸುವ ಅಕ್ಕ ಬರುತ್ತಾರೆ, ಬಕೆಟ್ಟು ಹಿಡಿದು, ಹಳೇ ಬಟ್ಟೆ ಹಿಡಿದು, ಬರಿಗೈಯಲ್ಲಿ. ಬೆರಳು ಉರಿದರೂ ಕೆಲಸ ಹೋದೀತೆಂಬ ಅಂಜಿಕೆಗೆ ಬಾಯಿ ಬಿಡುವುದಿಲ್ಲ. ಹತ್ತಿ ಸೀರೆಗೆ ಸಿಡಿದ ಹನಿ ಆಗ ಕಾಣುವುದೂ ಇಲ್ಲ. ಮನೆಯಲ್ಲಿ ಒಗೆಯುವಾಗ ಸೆರಗು ತೂತುತೂತಾಗಿ ಕೈಗೆ ಬರುತ್ತದೆ.

ಗುರುಗಳೇ, ನಿಮಗೆ ಗೊತ್ತು. ಗಾಢ ಆಮ್ಲಕ್ಕೆ ನೇರ ನೀರು ಹುಯ್ದರೆ ಕುದಿದು ಮುಖಕ್ಕೆ ಸಿಡಿಯುತ್ತದೆಂದು ಗೊತ್ತು. ಗಾಢ ನೈಟ್ರಿಕ್ ಆಮ್ಲಕ್ಕೆ ಮರದ ಹೊಟ್ಟು ಸುರಿದರೆ ಬೆಂಕಿ ಹೊತ್ತಿಕೊಳ್ಳಬಹುದೆಂದು ಗೊತ್ತು. ಮಕ್ಕಳನ್ನು ಹೊರಗೆ ಕಳಿಸಿ, ಕಿಟಕಿ ತೆರೆದು, ಕನ್ನಡಕ, ಗ್ಲೌಸ್ ತೊಟ್ಟು, ಅಡುಗೆ ಸೋಡಾವನ್ನು ಅಂಚಿನಿಂದ ನಡುವಿನತ್ತ ಸ್ವಲ್ಪಸ್ವಲ್ಪವೇ ಉದುರಿಸಿ, ನೊರೆ ಏಳುವುದು ಪೂರ್ತಿ ನಿಂತ ಮೇಲಷ್ಟೇ ಬಳಿದು ತೆಗೆಯಬೇಕೆಂದು ಗೊತ್ತು. ಮೈಗೆ ತಾಗಿದರೆ ಕನಿಷ್ಠ 15 ನಿಮಿಷ ಹರಿಯುವ ನೀರಿಗೆ ಹಿಡಿಯಬೇಕೆಂದೂ ಗೊತ್ತು. ಇಷ್ಟೆಲ್ಲ ಬಲ್ಲವರು ದೂರ ನಿಲ್ಲುತ್ತೀರಿ. ಇದ್ಯಾವುದನ್ನೂ ಯಾರೂ ಹೇಳಿಕೊಡದವರು ಬಗ್ಗಿ ಒರೆಸುತ್ತಾರೆ.

ನಿಮಗೆ ಗೊತ್ತು. ಒಡೆದ ಥರ್ಮಾಮೀಟರಿನ ಪಾದರಸವನ್ನು ಪೊರಕೆಯಲ್ಲಿ ಗುಡಿಸಿದರೆ ಅದು ಕಣಕಣವಾಗಿ ಚದುರಿ, ನೆಲದ ಬಿರುಕಿನಲ್ಲಿ ಕೂತು, ಕಾಣದ ಆವಿಯಾಗಿ ಅದೇ ಕೋಣೆಯ ಮಕ್ಕಳ ಉಸಿರು ಸೇರುತ್ತದೆ. ಗಟ್ಟಿ ಕಾಗದದಿಂದ ಹನಿಗಳನ್ನು ಒಟ್ಟುಮಾಡಿ ಬಿಗಿ ಮುಚ್ಚಳದ ಬಾಟಲಿಗೆ ತುಂಬಿಸುವುದು ಎಷ್ಟು ಹೊತ್ತಿನ ಕೆಲಸ?

ನಿಮಗೆ ಗೊತ್ತು. ಸಿಂಕಿಗೆ ಸುರಿದದ್ದು ಮಾಯವಾಗುವುದಿಲ್ಲ, ಚರಂಡಿ ಹಿಡಿದು ಹೊಳೆ ಸೇರಬಹುದು. ಹುಣಸೂರಿನ ಲಕ್ಷ್ಮಣತೀರ್ಥವೂ ಕೆ.ಆರ್. ನಗರದ ಕಾವೇರಿಯೂ ಕನ್ನಂಬಾಡಿಯ ಹಿನ್ನೀರಿನಲ್ಲಿ ಕೂಡುತ್ತವೆ. ಎಚ್.ಡಿ. ಕೋಟೆಯ ಕಬಿನಿ ತಿರುಮಕೂಡಲಲ್ಲಿ ಅದೇ ಕಾವೇರಿಗೆ ಸೇರುತ್ತದೆ. ಜಪಾನಿನ ಮಿನಮಾಟದಲ್ಲಿ ಕಾರ್ಖಾನೆಯೊಂದು ಕೊಲ್ಲಿಗೆ ಬಿಟ್ಟ ಪಾದರಸ ಮೀನಿನ ಮೈ ಸೇರಿತು. ಆ ಮೀನು ತಿಂದ ಬೆಕ್ಕುಗಳು ಹುಚ್ಚೆದ್ದು ಕುಣಿದು ಸತ್ತವು. 1956ರಲ್ಲಿ ಎಳೆಯ ಮಕ್ಕಳ ಕೈಕಾಲು ಸ್ವಾಧೀನ ತಪ್ಪಿದಾಗಲಷ್ಟೇ ರೋಗ ಅಧಿಕೃತವಾಗಿ ದಾಖಲಾಯಿತು. ನಮ್ಮ ಲ್ಯಾಬಿನದು ಅಷ್ಟು ದೊಡ್ಡ ಪ್ರಮಾಣವಲ್ಲ, ನಿಜ. ಆದರೆ ನೀರು ಕುಡಿಯುವ ದನಕ್ಕೂ, ನೀರಲ್ಲೇ ಬಾಳುವ ಮೀನಿಗೂ ದೂರು ಕೊಡಲು ಬಾಯಿಲ್ಲ.

ನೀವು ಕೆಟ್ಟವರಲ್ಲ. ನಿಮ್ಮ ಮಗುವಿನ ಕೈಗೆ ಒಂದು ಹನಿ ತಾಗಿದರೂ ಓಡಿಬರುವವರು ನೀವು. ಆ ಓಟದಲ್ಲಿ ಒಂದು ಹೆಜ್ಜೆಯನ್ನು ಆ ಅಕ್ಕನಿಗಾಗಿಯೂ ಇಡಿ. ಒಂದು ಡಬ್ಬಿ ಸೋಡಾ, ಒಂದು ಬಕೆಟ್ ಒಣ ಮರಳು, ದಪ್ಪ ರಬ್ಬರ್ ಗ್ಲೌಸ್, ಕನ್ನಡಕ, ತ್ಯಾಜ್ಯ ತುಂಬಲು ಹೆಸರು ಬರೆದ ಮುಚ್ಚಳದ ಡಬ್ಬಿ, ಗೋಡೆಯ ಮೇಲೆ ತಿಳಿಗನ್ನಡದಲ್ಲಿ ಹತ್ತು ಸಾಲು ಸೂಚನೆ: ಯಾವ ಕಾಲೇಜಿಗೂ ಇದು ಹೊರೆಯಲ್ಲ. ಮುಂದಿನ ಪ್ರಾಯೋಗಿಕ ತರಗತಿಗೆ ಮುಂಚೆ ಇಷ್ಟನ್ನು ಹೊಂದಿಸಿ. ಚೆಲ್ಲಿದಾಗ ಆ ಅಕ್ಕನನ್ನು ಕೂಗಬೇಡಿ. ಬಲ್ಲವರು ನೀವು, ನೀವೇ ಮೊದಲು ಬಗ್ಗಿ.