ಬೆಳಕು ಕೊಟ್ಟ ನೆಲಕ್ಕೂ ಭದ್ರತೆ ಬೇಕು: ಶರಾವತಿ ಕಣಿವೆಯಿಂದ ಕಾರವಾರದವರೆಗೆ

ದೇಶದ ರಕ್ಷಣೆಯೆಂದೊಡನೆ ನಮ್ಮ ಕಣ್ಣ ಮುಂದೆ ಗಡಿ, ಯೋಧ, ಯುದ್ಧನೌಕೆಗಳು ಬಂದು ನಿಲ್ಲುತ್ತವೆ. ಇವೆಲ್ಲದರ ಹಿಂದೆ ಸದ್ದಿಲ್ಲದೆ ದುಡಿಯುವ ವಿದ್ಯುತ್ತು ನೆನಪಾಗುವುದು ಅಪರೂಪ. 2025ರ ಮೇ 7ರಂದು ದೇಶದ ಹಲವೆಡೆ ನಾಗರಿಕ ರಕ್ಷಣೆಯ ಅಣಕು ಅಭ್ಯಾಸ ನಡೆದಾಗ ದೀಪಗಳನ್ನು ಆರಿಸುವುದೂ ಅದರ ಭಾಗವಾಗಿತ್ತು. ಅದು ನಾವೇ ಬಯಸಿ ತಂದುಕೊಂಡ ಕತ್ತಲೆ. ಬಯಸದ ಕತ್ತಲೆ ಕವಿದರೆ ಸೇನಾನೆಲೆ, ಅಣುಸ್ಥಾವರ, ಆಸ್ಪತ್ರೆ, ಕುಡಿಯುವ ನೀರಿನ ಘಟಕಗಳು ಎಷ್ಟು ಹೊತ್ತು ತಮ್ಮ ಕಾಲ ಮೇಲೆ ನಿಂತಾವು? ಈ ಪ್ರಶ್ನೆ ಸಾಗರ, ಹೊಸನಗರ, ತೀರ್ಥಹಳ್ಳಿಯ ಜನತೆಗೆ ದೂರದ್ದೇನೂ ಅಲ್ಲ. ನಾಡಿನ ಬೆಳಕಿನ ಬಹುಭಾಗ ದಶಕಗಳ ಕಾಲ ಹೊರಟದ್ದು ಇಲ್ಲಿಂದಲೇ.

ಮೂರು ತಾಲ್ಲೂಕುಗಳ ಒಂದು ನದಿ

ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿಯು ಹೊಸನಗರದ ಸೀಮೆಯನ್ನು ಹಾದು ಸಾಗರ ತಾಲ್ಲೂಕಿನ ಲಿಂಗನಮಕ್ಕಿಯಲ್ಲಿ ಸಮುದ್ರದಂತೆ ಹರಡಿ ನಿಲ್ಲುತ್ತದೆ. ಜೋಗದಲ್ಲಿ 1948ರಲ್ಲಿ ಕೃಷ್ಣರಾಜೇಂದ್ರರ ಹೆಸರಿನಲ್ಲಿ ಆರಂಭವಾದ ವಿದ್ಯುದಾಗಾರವು ಮರುವರ್ಷ ಮಹಾತ್ಮ ಗಾಂಧಿಯವರ ಹೆಸರನ್ನು ಪಡೆಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಿತು. ಅದರ ನೀರನ್ನು ತಳಕಳಲೆ ಜಲಾಶಯದ ಮೂಲಕ ಕಣಿವೆಗಿಳಿಸಿ ಹತ್ತು ಘಟಕಗಳಲ್ಲಿ 1,035 ಮೆಗಾವ್ಯಾಟ್ ವಿದ್ಯುತ್ ಉತ್ಪಾದಿಸುವ ಶರಾವತಿ ವಿದ್ಯುದಾಗಾರ ಎದ್ದಿತು. ಗಾಂಧಿ ವಿದ್ಯುದಾಗಾರ, ಅಣೆಕಟ್ಟಿನ ಬುಡದ ಘಟಕ ಮತ್ತು ಕೆಳಗಿನ ಗೇರುಸೊಪ್ಪೆಯ ಘಟಕಗಳನ್ನು ಕೂಡಿಸಿದರೆ ಈ ಒಂದೇ ನದಿಯ ಸಾಮರ್ಥ್ಯ ಸುಮಾರು 1,469 ಮೆಗಾವ್ಯಾಟ್. ಹೊಸನಗರ ತಾಲ್ಲೂಕಿನ ಚಕ್ರಾ ಮತ್ತು ಸಾವೆಹಕ್ಕಲು ಜಲಾಶಯಗಳು ಲಿಂಗನಮಕ್ಕಿಗೆ ನೀರುಣಿಸುತ್ತವೆ. ಅದೇ ತಾಲ್ಲೂಕಿನ ಮಾಣಿ ಜಲಾಶಯದ ನೀರು ಘಟ್ಟದ ಕೆಳಗೆ ವಾರಾಹಿಯ ಭೂಗರ್ಭ ವಿದ್ಯುದಾಗಾರದಲ್ಲಿ 460 ಮೆಗಾವ್ಯಾಟಿನ ಯಂತ್ರಗಳನ್ನು ತಿರುಗಿಸುತ್ತದೆ.

ಇಷ್ಟು ದೊಡ್ಡ ವ್ಯವಸ್ಥೆಯೂ ಎಷ್ಟು ಸೂಕ್ಷ್ಮವೆಂಬುದನ್ನು 2016ರ ಫೆಬ್ರವರಿ ತೋರಿಸಿತು. ಶರಾವತಿ ವಿದ್ಯುದಾಗಾರದಲ್ಲಿ ಬೆಂಕಿ ಕಾಣಿಸಿಕೊಂಡು ಹತ್ತೂ ಘಟಕಗಳು ಸ್ಥಗಿತಗೊಂಡವು. ಅಣೆಕಟ್ಟಿನಲ್ಲಿ ನೀರಿತ್ತು, ನಾಡಿಗೆ ವಿದ್ಯುತ್ತಿನ ಅಗತ್ಯವೂ ಇತ್ತು. ಆದರೂ ಒಂದೇ ಕಟ್ಟಡದ ಅವಘಡವು ಸಾವಿರ ಮೆಗಾವ್ಯಾಟನ್ನು ಕಸಿದುಕೊಂಡಿತು. ಉತ್ಪಾದನೆ ಹೆಚ್ಚಿದ ಮಾತ್ರಕ್ಕೆ ಭದ್ರತೆ ಬರುವುದಿಲ್ಲವೆಂಬ ಪಾಠ ಇಲ್ಲಿಯೇ ಇದೆ.

ಘಟ್ಟದ ಕೆಳಗಿನ ನೆಲೆಗಳು

ನಮ್ಮ ಘಟ್ಟದಿಂದ ಪಶ್ಚಿಮಕ್ಕೆ ಇಳಿದರೆ ಕಾರವಾರದ ಬಳಿ ಕದಂಬ ನೌಕಾನೆಲೆಯಿದೆ. 1986ರಲ್ಲಿ ಶಂಕುಸ್ಥಾಪನೆಯಾದ ‘ಸೀಬರ್ಡ್’ ಯೋಜನೆಯ ಫಲವಾಗಿ 2005ರಲ್ಲಿ ಅದು ಸೇವೆಗೆ ಅರ್ಪಿತವಾಯಿತು. ವಿಮಾನವಾಹಕ ನೌಕೆ ವಿಕ್ರಮಾದಿತ್ಯಕ್ಕೆ ಅದೇ ತವರು ಬಂದರು. ದಡಕ್ಕೆ ಕಟ್ಟಿದ ಹಡಗು ತನ್ನ ಯಂತ್ರಗಳನ್ನು ನಿಲ್ಲಿಸಿದಾಗ ದಡದಿಂದಲೇ ವಿದ್ಯುತ್ತನ್ನು ಪಡೆಯುತ್ತದೆ. ದುರಸ್ತಿ ಅಂಗಳ, ಸಂಪರ್ಕ ಕೇಂದ್ರ, ಆಸ್ಪತ್ರೆ, ಶಸ್ತ್ರಾಗಾರದ ಕಾವಲು ಇವಾವುವೂ ವಿದ್ಯುತ್ತಿಲ್ಲದೆ ನಡೆಯವು. ಅಲ್ಲಿಂದ ಒಳನಾಡಿನತ್ತ ಸಾಗಿದರೆ ಕಾಳಿ ನದಿಯ ದಡದಲ್ಲಿ 880 ಮೆಗಾವ್ಯಾಟಿನ ಕೈಗಾ ಅಣುವಿದ್ಯುತ್ ಸ್ಥಾವರ. ಅಣುಸ್ಥಾವರವು ವಿದ್ಯುತ್ತನ್ನು ಕೊಡುವುದಷ್ಟೇ ಅಲ್ಲ, ಬೇಡುತ್ತದೆ ಕೂಡ. ನಿಂತ ಮೇಲೂ ಅದರ ಗರ್ಭವನ್ನು ತಂಪಾಗಿಡಲು ನೀರೆತ್ತುವ ಪಂಪುಗಳು ಓಡುತ್ತಿರಬೇಕು. 2011ರ ಮಾರ್ಚ್‌ನಲ್ಲಿ ಜಪಾನಿನ ಫುಕುಶಿಮಾದಲ್ಲಿ ಸುನಾಮಿಯ ನೀರು ಡೀಸೆಲ್ ಜನರೇಟರುಗಳನ್ನು ಮುಳುಗಿಸಿದ್ದೇ ಅನಾಹುತಕ್ಕೆ ದಾರಿಯಾಯಿತು.

ಯುದ್ಧಕಾಲದಲ್ಲಿ ಇಂಥ ನೆಲೆಗಳು ಎಷ್ಟು ದುರ್ಬಲವೆಂಬುದಕ್ಕೆ ಉಕ್ರೇನ್ ಸಾಕ್ಷಿ. 2022ರ ಅಕ್ಟೋಬರಿನಿಂದ ಅಲ್ಲಿನ ವಿದ್ಯುತ್ ಜಾಲವೇ ಕ್ಷಿಪಣಿಗಳ ಗುರಿಯಾಯಿತು. 2023ರ ಜೂನ್ 6ರಂದು ಕಖೋವ್ಕಾ ಅಣೆಕಟ್ಟು ಒಡೆದು ಊರುಗಳು ಮುಳುಗಿದವು. ಅಣೆಕಟ್ಟಿನ ಮಡಿಲಲ್ಲಿ ಬಾಳುವ ನಮಗೆ ಇದು ಓದಿ ಮರೆಯುವ ಸುದ್ದಿಯಲ್ಲ.

ಸ್ವಾವಲಂಬನೆಯ ವಿಧಾನ

2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದ ಜಾಲ ಕುಸಿದು ಅರವತ್ತು ಕೋಟಿಗೂ ಹೆಚ್ಚು ಜನ ಕತ್ತಲೆಯಲ್ಲಿ ಉಳಿದರು. ದಕ್ಷಿಣದ ಜಾಲವು ಆಗ ಉತ್ತರದೊಡನೆ ಒಂದೇ ಲಯದಲ್ಲಿ ಬೆಸೆದಿರಲಿಲ್ಲವಾದ್ದರಿಂದ ನಾವು ಪಾರಾದೆವು. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ ಮಾರ್ಗದ ಮೂಲಕ ದೇಶವೆಲ್ಲ ಒಂದೇ ಜಾಲವಾಯಿತು. ಕೊರತೆಯ ಹೊತ್ತಿನಲ್ಲಿ ಒಬ್ಬರು ಇನ್ನೊಬ್ಬರಿಗೆ ನೆರವಾಗಲು ಇದರಿಂದ ಸಾಧ್ಯವಾಗಿದೆ. ಒಂದು ಕಡೆಯ ಕುಸಿತ ಇನ್ನೊಂದು ಕಡೆಗೆ ಹಬ್ಬುವ ಅಪಾಯವೂ ಜೊತೆಗೇ ಬಂದಿದೆ. ಕುಸಿದ ಜಾಲವನ್ನು ಮತ್ತೆ ಎಬ್ಬಿಸುವಾಗ ಹೊರಗಿನ ವಿದ್ಯುತ್ತಿನ ಹಂಗಿಲ್ಲದೆ ಮೊದಲು ಏಳಬಲ್ಲವು ಜಲವಿದ್ಯುದಾಗಾರಗಳೇ. ಆದ್ದರಿಂದ ನಮ್ಮ ಕಣಿವೆಯ ಯಂತ್ರಗಳ ಬೆಲೆಯನ್ನು ಯೂನಿಟ್ಟಿನ ಲೆಕ್ಕದಲ್ಲಿ ಮಾತ್ರ ಅಳೆಯಲಾಗದು.

ಸೇನೆ ಈಗ ಕೇಳಿಕೊಳ್ಳುತ್ತಿರುವ ಪ್ರಶ್ನೆ ಸರಳವಾದದ್ದು: ಹೊರಗಿನ ತಂತಿ ಕಡಿದರೆ ಒಳಗಿನ ಅತ್ಯಗತ್ಯ ಕೆಲಸ ನಡೆಯುವುದೇ? ಲಡಾಖಿನ ಚುಶೂಲ್‌ನಲ್ಲಿ ಎನ್‌ಟಿಪಿಸಿ ಸಂಸ್ಥೆಯು ಸೇನೆಗಾಗಿ ಕೈಗೊಂಡ ಯೋಜನೆ ಇದಕ್ಕೊಂದು ಉತ್ತರ. ಹಗಲಿನ ಬಿಸಿಲಿನಿಂದ ಹೈಡ್ರೋಜನ್ ತಯಾರಿಸಿ ಕೂಡಿಟ್ಟು, ರಾತ್ರಿ ಅದರಿಂದಲೇ ವಿದ್ಯುತ್ ಪಡೆದು, ಹಗಲಿರುಳು 200 ಕಿಲೋವ್ಯಾಟ್ ಒದಗಿಸುವುದು ಅದರ ಗುರಿ. ಹಿಮದ ಹಾದಿಯಲ್ಲಿ ಡೀಸೆಲ್ ಹೊತ್ತೊಯ್ಯುವ ಕಷ್ಟ ಇದರಿಂದ ತಗ್ಗುತ್ತದೆ. ಅಮೆರಿಕದ ಸೇನೆಯು ತನ್ನ ಕೆಲವು ನೆಲೆಗಳ ಹೊರಸಂಪರ್ಕವನ್ನು ತಾನೇ ಕಡಿದು, ಯಾವ ಯಂತ್ರ ಏಳುತ್ತದೆ, ಯಾವುದು ಏಳುವುದಿಲ್ಲವೆಂದು ಪರೀಕ್ಷಿಸುತ್ತದೆ. ಕಾಗದದ ಮೇಲಿನ ಸಿದ್ಧತೆಯ ಹುಳುಕು ಹೊರಬೀಳುವುದು ಆಗಲೇ.

ಮನೆಯಂಗಳದ ಪ್ರಶ್ನೆ

ಇದೇ ಪ್ರಶ್ನೆಯನ್ನು ನಮ್ಮ ಮೂರು ತಾಲ್ಲೂಕುಗಳಿಗೂ ಕೇಳಬೇಕೆಂಬುದು ನಮ್ಮ ಅಭಿಪ್ರಾಯ. ಆಷಾಢದ ಗಾಳಿಮಳೆಗೆ ಮರ ಉರುಳಿ ತಂತಿ ಹರಿದರೆ, ನಾಡಿಗೆ ಬೆಳಕು ಕೊಟ್ಟ ಹಳ್ಳಿಗಳೇ ದಿನಗಟ್ಟಲೆ ಕತ್ತಲೆಯಲ್ಲಿ ಕೂರುತ್ತವೆ. ಮೊಬೈಲ್ ಗೋಪುರದ ಬ್ಯಾಟರಿ ಬರಿದಾದ ಮೇಲೆ ಆಂಬುಲೆನ್ಸ್ ಕರೆಯುವ ದಾರಿಯೂ ಮುಚ್ಚುತ್ತದೆ. ಲಿಂಗನಮಕ್ಕಿಗಾಗಿ ಮನೆ, ಗದ್ದೆ, ತೋಟ ಬಿಟ್ಟುಬಂದವರ ಮಕ್ಕಳು ಮೊಮ್ಮಕ್ಕಳು ಇಂದಿಗೂ ಭೂಮಿಯ ಹಕ್ಕಿಗಾಗಿ ಅಲೆಯುತ್ತಿದ್ದಾರೆ. ಹಿನ್ನೀರಿನಿಂದ ದ್ವೀಪದಂತಾಗಿದ್ದ ತುಮರಿ ಭಾಗಕ್ಕೆ ಸೇತುವೆ ದೊರೆತದ್ದು 2025ರ ಜುಲೈನಲ್ಲಿ, ಅಣೆಕಟ್ಟು ಮುಗಿದು ಅರವತ್ತೊಂದು ವರ್ಷಗಳ ನಂತರ. ಕದಂಬ ನೌಕಾನೆಲೆಗಾಗಿಯೂ ಕರಾವಳಿಯ ನಾಲ್ಕು ಸಾವಿರಕ್ಕೂ ಮಿಕ್ಕ ಕುಟುಂಬಗಳು ಊರು ತೊರೆದವು. ದೇಶದ ಭದ್ರತೆಯ ಲೆಕ್ಕಪುಸ್ತಕದಲ್ಲಿ ಈ ತ್ಯಾಗಕ್ಕೂ ಒಂದು ಸಾಲು ಇರಬೇಕಾದುದು ನ್ಯಾಯ.

ಈಗ ತಳಕಳಲೆ ಮತ್ತು ಗೇರುಸೊಪ್ಪೆಯ ನಡುವೆ 2,000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯ ಪ್ರಸ್ತಾಪವಿದೆ. ವಿದ್ಯುತ್ ಹೆಚ್ಚಾಗಿರುವಾಗ ನೀರನ್ನು ಮೇಲೆತ್ತಿ, ಬೇಡಿಕೆ ಏರಿದಾಗ ಕೆಳಗೆ ಬಿಡುವ ಈ ವಿಧಾನದಲ್ಲಿ ಸಾಮಾನ್ಯವಾಗಿ 100 ಯೂನಿಟ್ ಕೊಟ್ಟರೆ 75ರಿಂದ 80 ಯೂನಿಟ್ ಮರಳುತ್ತದೆ. ಸೌರವಿದ್ಯುತ್ತು ಹೆಚ್ಚುತ್ತಿರುವ ಕಾಲದಲ್ಲಿ ಸಂಗ್ರಹ ಬೇಕೆಂಬ ವಾದದಲ್ಲಿ ಹುರುಳಿದೆ. ಆದರೆ ಯೋಜನೆಯ ನೆಲ ಸಿಂಗಳೀಕಗಳ ಅಭಯಾರಣ್ಯ. ಈಗಾಗಲೇ ಯಂತ್ರಗಳು ತುಂಬಿರುವ ಕಣಿವೆಯಲ್ಲಿ ಮತ್ತಷ್ಟನ್ನು ಒಟ್ಟುಗೂಡಿಸುವುದು ಭದ್ರತೆಯ ದೃಷ್ಟಿಯಿಂದ ಎಷ್ಟು ವಿವೇಕವೆಂಬುದೂ ವಿಚಾರಾರ್ಹ. ಚುಶೂಲ್ ಹೇಳುವುದು ಹಂಚಿ ಉಳಿಸಿಕೊಳ್ಳುವ ಪಾಠವನ್ನು.

ಆ ಪಾಠ ಮಲೆನಾಡಿಗೆ ಹೊಸದಲ್ಲ. ತೋಟದ ಹಳ್ಳಕ್ಕೆ ಪುಟ್ಟ ಟರ್ಬೈನ್ ಕೂರಿಸಿ ಮಳೆಗಾಲವೆಲ್ಲ ದೀಪ ಉರಿಸುವ ಮನೆಗಳು ನಮ್ಮಲ್ಲಿವೆ. ಬಿಸಿಲು ಮರೆಯಾಗಿ ತಂತಿ ಕೈಕೊಡುವ ದಿನಗಳಲ್ಲೇ ಹಳ್ಳ ತುಂಬಿ ಹರಿಯುವುದು ಪ್ರಕೃತಿಯ ಕೃಪೆ. ಕೊಟ್ಟಿಗೆಯ ಗೋಬರ್ ಗ್ಯಾಸ್ ಒಲೆಯದೂ ಇದೇ ದಾರಿ. ಚಾವಣಿಯ ಸೌರಫಲಕದ ಬಗ್ಗೆ ಮಾತ್ರ ಒಂದು ಎಚ್ಚರಿಕೆ: ಜಾಲಕ್ಕೆ ಬೆಸೆದ ಸಾಮಾನ್ಯ ಘಟಕವು ಕರೆಂಟು ಹೋದೊಡನೆ ಲೈನ್‌ಮನ್‌ಗಳ ಸುರಕ್ಷತೆಗಾಗಿ ತಾನೂ ನಿಲ್ಲುತ್ತದೆ. ಕತ್ತಲೆಯಲ್ಲೂ ಉರಿಯಬೇಕಾದರೆ ಬ್ಯಾಟರಿ ಮತ್ತು ಹೈಬ್ರಿಡ್ ಇನ್ವರ್ಟರ್ ಬೇಕು. ಸಬ್ಸಿಡಿಗೆ ಅರ್ಜಿ ಹಾಕುವ ಮುನ್ನ ಇದನ್ನು ಕೇಳಿ ತಿಳಿಯುವುದೊಳಿತು.

ಸರ್ಕಾರದ ಹೊಣೆ ಇನ್ನೂ ದೊಡ್ಡದು. ತಾಲ್ಲೂಕು ಆಸ್ಪತ್ರೆ, ನೀರಿನ ಘಟಕ, ಮೊಬೈಲ್ ಗೋಪುರಗಳು ಕನಿಷ್ಠ ಮೂರು ದಿನ ಸ್ವತಂತ್ರವಾಗಿ ನಡೆಯುವಂತಾಗಬೇಕು. ಮಳೆಗಾಲಕ್ಕೆ ಮುನ್ನ ವರ್ಷಕ್ಕೊಮ್ಮೆಯಾದರೂ ಹೊರಗಿನ ವಿದ್ಯುತ್ತನ್ನು ನಿಲ್ಲಿಸಿ ಅವನ್ನು ಪರೀಕ್ಷಿಸಬೇಕು. ಕಾಡಿನ ನಡುವಿನ ಮಾರ್ಗಗಳಿಗೆ ಹೊದಿಕೆಯ ತಂತಿ ಬರಬೇಕು. ಹೊಸ ಯೋಜನೆಯ ಮಾತಿಗೆ ಮೊದಲು ಹಳೆಯ ಸಂತ್ರಸ್ತರ ಹಕ್ಕುಪತ್ರ ಕೈಸೇರಬೇಕು. ಭಕ್ತಸಮುದಾಯವೂ ತನ್ನ ಪಾಲಿನ ಕಾಯಕ ಮಾಡಬಹುದು. ಮಠ, ಶಾಲೆ, ಪ್ರಸಾದನಿಲಯಗಳಲ್ಲಿ ಒಂದು ಕೊಠಡಿಯಾದರೂ ಮಳೆಗಾಲದುದ್ದಕ್ಕೂ ಬೆಳಗುತ್ತಿದ್ದರೆ ಊರವರು ಅಲ್ಲಿ ಫೋನ್ ಚಾರ್ಜ್ ಮಾಡಿಕೊಳ್ಳಬಹುದು, ರೋಗಿಗಳ ಔಷಧಿಯನ್ನು ತಂಪಾಗಿಡಬಹುದು. ಅನ್ನದಂತೆ ಬೆಳಕೂ ಹಂಚಿಕೊಳ್ಳತಕ್ಕ ವಸ್ತು. ಬರುವ ಮಳೆಗಾಲದೊಳಗೆ ಪ್ರತಿ ಹೋಬಳಿಯಲ್ಲೂ ಅಂಥದೊಂದು ತಾಣವನ್ನು ಗುರುತಿಸಿ ಸಿದ್ಧಪಡಿಸುವ ಕಾರ್ಯಕ್ಕೆ ಸದ್ಭಕ್ತರು ಮುಂದಾಗಲೆಂದು ನಾವು ಆಶಿಸುತ್ತೇವೆ.