ಅರಣ್ಯ ಹಕ್ಕಿನ ಅರ್ಜಿ ಯಾರ ಮೇಜಿಗೆ?



ತಾಳವಾಡಿ ಕಡೆಯ ಸದಸ್ಯರು ಸೇರಿದಾಗಲೆಲ್ಲ ಮಾತು ಅರಣ್ಯ ಇಲಾಖೆಗೇ ಬಂದು ನಿಲ್ಲುತ್ತದೆ. 1956ರಲ್ಲಿ ಕೊಳ್ಳೇಗಾಲ ಮೈಸೂರಿಗೆ ಹೋಯಿತು, ತಾಳವಾಡಿ ಮದರಾಸಿನಲ್ಲೇ ಉಳಿಯಿತು. ಕಾಡು ಒಂದೇ, ಸೋಲಿಗರೂ ಒಂದೇ ಜನ. ಇಲಾಖೆ ಮಾತ್ರ ಎರಡಾಯಿತು.

ಇಲಾಖೆಯ ಕೆಲಸವನ್ನು ನಾವು ಅಲ್ಲಗಳೆಯುವುದಿಲ್ಲ. ಸುಮಾರು 1,408 ಚದರ ಕಿಲೋಮೀಟರಿನ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶ ಘೋಷಣೆಯಾದದ್ದು 2013ರಲ್ಲಿ. ಹುಲಿಗಳು ದುಪ್ಪಟ್ಟಾದುದಕ್ಕೆ 2022ರಲ್ಲಿ ಅಂತರರಾಷ್ಟ್ರೀಯ ಪ್ರಶಸ್ತಿಯೂ ಬಂತು. ಅದೇ ವರ್ಷ ದಿಂಬಂ ಘಾಟಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಜಾರಿಯಾದಾಗ ಎಲ್ಲರೂ ಬೈದದ್ದು ಚೆಕ್‌ಪೋಸ್ಟಿನ ಗಾರ್ಡನ್ನು. ಆದರೆ ಮೂಲ ಆದೇಶ 2019ರಲ್ಲಿ ಕಲೆಕ್ಟರ್ ಹೊರಡಿಸಿದ್ದು, ಜಾರಿ ಮಾಡಿಸಿದ್ದು ಹೈಕೋರ್ಟು. ಯಾವ ಕಡತ ಯಾರ ಮೇಜಿನದು ಎಂದು ತಿಳಿಯದಿದ್ದರೆ ಅರ್ಜಿಯೂ ವ್ಯರ್ಥ, ಬೈಗುಳವೂ ವ್ಯರ್ಥ.

2006ರ ಅರಣ್ಯ ಹಕ್ಕು ಕಾಯ್ದೆಯ ವಿಷಯದಲ್ಲೂ ಇದೇ ಗೊಂದಲ. ಜಮೀನಿನ ಹಕ್ಕಿಗಾಗಿ ಜನ ರೇಂಜರ್ ಕಚೇರಿಗೆ ಅಲೆಯುತ್ತಾರೆ. ಕಾಯ್ದೆಯ ಪ್ರಕಾರ ಅರ್ಜಿ ಮೊದಲು ಗ್ರಾಮಸಭೆಗೆ, ಅಲ್ಲಿಂದ ಉಪವಿಭಾಗ ಸಮಿತಿಗೆ, ಕೊನೆಗೆ ಕಲೆಕ್ಟರ್ ಅಧ್ಯಕ್ಷತೆಯ ಜಿಲ್ಲಾ ಸಮಿತಿಗೆ. ಈ ಎರಡೂ ಸಮಿತಿಗಳಲ್ಲಿ ಅರಣ್ಯಾಧಿಕಾರಿ ಒಬ್ಬ ಸದಸ್ಯ, ಅಷ್ಟೆ. ಅವರೊಬ್ಬರ ಆಕ್ಷೇಪಣೆಯಿಂದ ಅರ್ಜಿ ಬಿದ್ದುಹೋಗುವುದಿಲ್ಲ. ತಿರಸ್ಕರಿಸಿದರೆ ಕಾರಣವನ್ನು ಅರ್ಜಿದಾರನಿಗೆ ಖುದ್ದಾಗಿ ತಿಳಿಸಬೇಕು. ಪರಿಶೀಲನೆ ಮುಗಿಯುವ ತನಕ ಒಕ್ಕಲೆಬ್ಬಿಸುವಂತಿಲ್ಲ.

ಗಡಿಯಾಚೆ ಬಿಳಿಗಿರಿರಂಗನ ಬೆಟ್ಟ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅಲ್ಲಿನ ಸೋಲಿಗರಿಗೆ ಸಮುದಾಯ ಹಕ್ಕೂ ದೊರೆಯಿತು. ಹುಲಿಯೂ ಇದೆ, ಜೇನು ಕೀಳುವವರೂ ಇದ್ದಾರೆ. ಈಚೆ ಮಾತ್ರ ನ್ಯಾಯಾಲಯದ ತಡೆಯಿಂದಾಗಿ 2016ರವರೆಗೆ ಹಕ್ಕುಪತ್ರದ ಮಾತೇ ಎತ್ತುವಂತಿರಲಿಲ್ಲ. ಆ ತಡೆ ತೆರವಾಗಿದೆ ಎಂಬುದು ಇಂದಿಗೂ ಎಷ್ಟೋ ದೊಡ್ಡಿಗಳಿಗೆ ತಲುಪಿಲ್ಲವೆಂದು ನಮಗೆ ತೋರುತ್ತದೆ.

ಬುಡಕಟ್ಟಿನವರು 2005ರ ಡಿಸೆಂಬರ್ 13ಕ್ಕೆ ಮುಂಚಿನ ವಾಸ ತೋರಿಸಿದರೆ ಸಾಕು. ಇತರರಿಗೆ ಮೂರು ತಲೆಮಾರು, ಅಂದರೆ 75 ವರ್ಷ. ಅದು ಕಷ್ಟವೇ, ಸುಳ್ಳು ಭರವಸೆ ಕೊಡಲಾರೆವು. ಕನಿಷ್ಠ ಎರಡು ಬಗೆಯ ಸಾಕ್ಷ್ಯ ಬೇಕು. ಹಿರಿಯರ ಲಿಖಿತ ಹೇಳಿಕೆಯೂ ಸಾಕ್ಷ್ಯವೇ.

ಹಳೆಯ ಕಂದಾಯ ರಸೀದಿ, ಅಜ್ಜಂದಿರ ಕಾಲದ ಕಾಗದ ಏನಿದ್ದರೂ ಮುಂದಿನ ಮಾಸಿಕ ಸಭೆಗೆ ನಕಲು ತನ್ನಿ, ಮೂಲ ಪ್ರತಿ ಯಾರ ಕೈಗೂ ಕೊಡಬೇಡಿ. ತಮಿಳು ಓದಲು ತೊಡಕಾಗುವವರಿಗೆ ನಮೂನೆ ತುಂಬಿಕೊಡಲು ಸಂಘದಲ್ಲಿ ಇಬ್ಬರು ಒಪ್ಪಿದ್ದಾರೆ.

– ಕಾರ್ಯದರ್ಶಿ